ನಿನ್ನೆ ಸಿಕ್ಕ ಕಳ್ಳ ಇವತ್ತು ಯಾಕೆ ಸಿಗಲ್ಲ?

ಪ್ರಶ್ನೆ: ಮೇಡಂ, ನಾನು ಹಾಸನದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಸಕಲೇಶಪುರದ ನಮ್ಮ ಕಾಫಿ ಗೋಡೌನ್‌ನಲ್ಲಿ ಎರಡು ಇಎಸ್‌ಪಿ32 (ವೈಫೈ ಇರುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಇಟ್ಟು, ಕ್ಯಾಮೆರಾ ಇಲ್ಲದೆ ಬರೀ ವೈಫೈ ಸಿಗ್ನಲ್‌ನಿಂದ ಒಳಗೆ ಬಂದವರನ್ನು ಪತ್ತೆ ಮಾಡುವ ಡೀಪ್ ಲರ್ನಿಂಗ್ ಮಾಡೆಲ್ (ಉದಾಹರಣೆ ನೋಡಿ ಕಲಿಯುವ ನ್ಯೂರಲ್ ನೆಟ್‌ವರ್ಕ್ ಪ್ರೋಗ್ರಾಂ) ಮಾಡಿದೆ. ಒಂದು ವಾರದ ಡೇಟಾ ಮಾತ್ರ ಇದೆ. ಟೆಸ್ಟ್‌ನಲ್ಲಿ ತಪ್ಪೇ ಇಲ್ಲ ಅನ್ನುವಷ್ಟು ಚೆನ್ನಾಗಿತ್ತು. ಮರುವಾರ ಬಾಯಿಗೆ ಬಂದ ಹಾಗೆ ಉತ್ತರ ಕೊಡುತ್ತಿದೆ. ಇನ್ನೂ ದೊಡ್ಡ ಮಾಡೆಲ್ ಬೇಕಾ?

ಉತ್ತರ: ಬೇಡ. ಟ್ರೇನಿಂಗ್‌ಗೆ, ಟೆಸ್ಟ್‌ಗೆ ಡೇಟಾ ಹೇಗೆ ಹಂಚಿದಿರಿ? ಪ್ರಾಜೆಕ್ಟ್ ವೈವಾದಲ್ಲಿ ನಾನು ಮೊದಲು ಕೇಳುವುದೇ ಇದನ್ನು. ಒಂದೇ ರೆಕಾರ್ಡಿಂಗನ್ನು ಚೂರು ಮಾಡಿ, ಕಲೆಸಿ ಹಂಚಿದ್ದರೆ ಪಕ್ಕಪಕ್ಕದ ಸೆಕೆಂಡುಗಳು ಎರಡೂ ಕಡೆ ಸೇರಿರುತ್ತವೆ. ಮನೆಪಾಠದಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟಂತೆ. ಪೂರ್ತಿ ಒಂದು ದಿನವನ್ನು ಮುಟ್ಟದೆ ಎತ್ತಿಟ್ಟು, ಅದರ ಮೇಲೆ ಟೆಸ್ಟ್ ಮಾಡಿ. ಅಂಕ ಬೀಳುತ್ತೆ, ಬೀಳಲಿ. ನಿಜವಾದ ಅಂಕ ಅದೇ.

ಹಾಸನದ ಎಂಸಿಎಫ್‌ನವರು (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) 36,000 ಕಿ.ಮೀ. ಎತ್ತರದ ಉಪಗ್ರಹದ ಜತೆ ಮಾತಾಡುತ್ತಾರೆ, ಆದರೆ ಅವರ ಸಿಗ್ನಲ್‌ಗೆ ನೇರ ದಾರಿ ಇದೆ. ನಿಮ್ಮದು ಗೋಡೆ, ತಗಡಿನ ಶೀಟು, ಚೀಲದ ರಾಶಿ ಎಲ್ಲಕ್ಕೂ ಬಡಿದು ಬರುತ್ತೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 12.5 ಸೆಂ.ಮೀ. ನಾಲ್ಕು ಚೀಲ ಒಂದು ಗೇಣು ಆಚೆ ಸರಿಸಿದರೂ ಸಿಗ್ನಲ್‌ನ ಚಹರೆಯೇ ಬೇರೆ. ನಿಮ್ಮ ಮಾಡೆಲ್ ಕಲಿತಿರುವುದು ಆ ವಾರ ಚೀಲ ಎಲ್ಲೆಲ್ಲಿತ್ತು ಅನ್ನುವುದನ್ನು. ಮನುಷ್ಯನನ್ನಲ್ಲ.

ಹಾಗಾಗಿ ಅಲುಗಾಡದ್ದನ್ನು ಮೊದಲು ಕಳೆಯಿರಿ. ವೈಫೈ ಸಿಗ್ನಲ್ ಸಬ್‌ಕ್ಯಾರಿಯರ್ ಎಂಬ ಹಲವು ಸಣ್ಣ ಎಳೆಗಳಾಗಿ ಬರುತ್ತೆ; ಪ್ರತಿ ಎಳೆಯ ಅಳತೆಯಿಂದ ಅದರ ಹಿಂದಿನ ಕೆಲವು ಸೆಕೆಂಡುಗಳ ಸರಾಸರಿಯನ್ನು ಕಳೆದರೆ ಗೋಡೆ, ಚೀಲ ಬಹುಪಾಲು ಹೋಗುತ್ತವೆ, ಓಡಾಟ ಉಳಿಯುತ್ತೆ. ಸೆಕೆಂಡಿಗೆ ಒಂದು ಮೀಟರ್ ನಡೆಯುವವನಿಂದ ಹೆಚ್ಚೆಂದರೆ 16 ಹರ್ಟ್ಸ್ ಸುಮಾರಿನ, ಅಂದರೆ ಸೆಕೆಂಡಿಗೆ 16 ಸಲದ ಏರಿಳಿತ ಬರುತ್ತೆ. ಸೆಕೆಂಡಿಗೆ 100 ಪ್ಯಾಕೆಟ್ ಕಳಿಸಿದರೆ ಧಾರಾಳವಾಯಿತು. ಈ ಬೋರ್ಡು ಗೇನನ್ನು (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನುವುದನ್ನು) ತಾನೇ ಏರಿಸಿ ಇಳಿಸುತ್ತೆ, ಆ ಜಿಗಿತವನ್ನು ಕಳ್ಳ ಅಂದುಕೊಳ್ಳಬೇಡಿ.

ಈಗ ಬರೀ ವೇರಿಯನ್ಸ್ (ಸಿಗ್ನಲ್ ಎಷ್ಟು ಏರುಪೇರಾಗುತ್ತೆ ಅನ್ನುವ ಅಳತೆ) ನೋಡಿ ಒಂದು ಗಡಿ ಹಾಕಿ, ಅದು ದಾಟಿದರೆ ಯಾರೋ ಇದ್ದಾರೆ ಅಂತ. ನ್ಯೂರಲ್ ನೆಟ್‌ವರ್ಕ್ ಇದನ್ನು ಸೋಲಿಸದಿದ್ದರೆ ಅದು ಸುಮ್ನೆ ಅಲಂಕಾರ. (ಗೈಡ್‌ಗೆ ಬೇಜಾರಾಗಬಹುದು, ನನ್ನ ಹೆಸರು ಹೇಳಿ.)

ಡೇಟಾ ಕಡಿಮೆ ಅಂತೀರಿ. ಕಡಿಮೆ ಇರುವುದು ಲೇಬಲ್, ಅಂದರೆ ಯಾವಾಗ ಒಳಗೆ ಯಾರಿದ್ದರು ಅನ್ನುವ ಗುರುತು. ಬೀಗ ಹಾಕಿದ ಗೋಡೌನ್‌ನ ಸಿಗ್ನಲ್ ರಾತ್ರಿಯಿಡೀ ಬಿಟ್ಟಿ ಸಿಗುತ್ತೆ, ಅಲ್ವಾ? ಅದರ ಮೇಲೆ ಮೊದಲು ಒಂದು ಪುಟ್ಟ ಆಟೋಎನ್‌ಕೋಡರ್ (ಲೇಬಲ್ ಇಲ್ಲದೆಯೇ ಸಿಗ್ನಲನ್ನು ಕುಗ್ಗಿಸಿ ಮತ್ತೆ ಬಿಡಿಸಲು ಕಲಿಯುವ ನೆಟ್‌ವರ್ಕ್) ಕಲಿಸಿ, ಆಮೇಲೆ ನಿಮ್ಮ ಲೇಬಲ್ ಇರುವ ಸ್ವಲ್ಪ ಡೇಟಾದಿಂದ ತಿದ್ದಿ. ಹೊಸ ರೆಕಾರ್ಡಿಂಗ್ ಮಾಡುವಾಗ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ತುಂಬಿಸುವುದಕ್ಕಿಂತ ಬೋರ್ಡ್ ಜಾಗ ಬದಲಿಸಿ, ಚೀಲ ಸರಿಸಿ, ಬೇರೆ ಬೇರೆ ಜನರನ್ನು ಕೇಳಿಕೊಂಡು ನಡೆಸಿ. ಹೆಗ್ಗಣ ಓಡಿದ್ದು, ಗಾಳಿಗೆ ಶೀಟು ಬಡಿದದ್ದೂ ಸೇರಲಿ.

ಪ್ರಶ್ನೆ: ಮೂಡಿಗೆರೆಯ ನಮ್ಮ ತೋಟದಲ್ಲಿ ಮಳೆ ಹಿಡಿದರೆ ಫೋನ್ ಸಿಗ್ನಲ್ ಮಾಯ. ಎಲ್ಲಿ ಸಿಗುತ್ತೆ ಅಂತ ಎಐ ಮೊದಲೇ ಹೇಳಬಹುದಾ?

ಉತ್ತರ: ಮಳೆ ಹನಿ ನಿಮ್ಮ ಫೋನಿನ ಅಲೆಗೆ ದೊಡ್ಡ ಅಡ್ಡಿಯಲ್ಲ. ಅದು ಜೋರಾಗಿ ಕಾಡುವುದು 10 ಗಿಗಾಹರ್ಟ್ಸ್ ದಾಟಿದ ಮೇಲೆ. ನೆನೆದ ಎಲೆ ಬೇರೆ ಮಾತು, ಸಿಲ್ವರ್ ಓಕ್ ಸಾಲಿನ ಒಳಗೆ ಸಿಗ್ನಲ್ ಸೊರಗುತ್ತೆ. ರಸ್ತೆಯಲ್ಲೂ ಸಿಗ್ನಲ್ ಹೋಗಿದ್ದರೆ ಟವರಿಗೆ ಕರೆಂಟ್ ಇದೆಯಾ ಕೇಳಿ, ಅದಕ್ಕೆ ಎಐ ಬೇಕಿಲ್ಲ.

ತೋಟದೊಳಗೆ ಮಾತ್ರ ಹೋಗುತ್ತಾ? ಆಗ ಅಂದಾಜು ಮಾಡಬಹುದು. ಟವರಿನಿಂದ ದೂರ ಹೋದಂತೆ ಸಿಗ್ನಲ್ ಎಷ್ಟು ಕುಗ್ಗುತ್ತೆ ಅಂತ ಹೇಳುವ 1980ರ ಹಾಟಾ ಸೂತ್ರ ಇದೆ, ಆದರೆ ಅದರ ಬುಡದಲ್ಲಿರುವುದು ಟೋಕಿಯೋ ಸುತ್ತ ಒಕುಮುರಾ ಮಾಡಿದ ಅಳತೆ. ಮಲೆನಾಡಿನ ಏರುತಗ್ಗು ಅದಕ್ಕೇನು ಗೊತ್ತು? ಸೂತ್ರ ಹೇಳಿದ್ದಕ್ಕೂ ನೀವು ಅಳೆದದ್ದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಮಾಡೆಲ್‌ಗೆ ಕಲಿಸಿದರೆ ಕಡಿಮೆ ಅಳತೆಯಲ್ಲೇ ಕೆಲಸ ಆಗುತ್ತೆ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಿಮ್ ಸ್ಟೇಟಸ್ ತೆರೆದರೆ ಡಿಬಿಎಂ (ಸಿಗ್ನಲ್‌ನ ಬಲ ಅಳೆಯುವ ಮಾನ) ಅಂಕಿ ಕಾಣುತ್ತೆ. 4ಜಿಯಲ್ಲಿ ಮೈನಸ್ 85 ಇದ್ದರೆ ಚೆನ್ನ, ಮೈನಸ್ 115 ಅಂದರೆ ಇನ್ನೇನು ಕಡಿಯುತ್ತೆ. ಬಿಸಿಲಲ್ಲೊಮ್ಮೆ, ಮಳೆ ನಿಂತ ತಕ್ಷಣ ಇನ್ನೊಮ್ಮೆ ಅದೇ ಜಾಗಗಳಲ್ಲಿ ಬರೆದುಕೊಂಡು ಕಳಿಸಿ, ನೋಡೋಣ.