ಆತಂಕದ ಕ್ಲೇಮ್ ತಿರಸ್ಕಾರವಾದರೆ ಮುಂದೇನು?

ಪ್ರಶ್ನೆ: ನಮ್ಮ ಯಜಮಾನರು ಅಮೆರಿಕದ ಸೇನೆಯಲ್ಲಿದ್ದವರು, ಅಫ್ಘಾನಿಸ್ತಾನಕ್ಕೂ ಹೋಗಿ ಬಂದಿದ್ದಾರೆ. ಈಗ ಸರಿಯಾಗಿ ನಿದ್ದೆ ಇಲ್ಲ, ಜನ ಸೇರುವ ಕಡೆ ಬರುವುದಿಲ್ಲ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾರೆ. ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಅಂತ ವಿಎಗೆ, ಅಂದರೆ ಅಲ್ಲಿನ ಮಾಜಿ ಸೈನಿಕರ ಇಲಾಖೆಗೆ, ಪರಿಹಾರದ ಕ್ಲೇಮ್ ಹಾಕಿದ್ದೆವು. ಪರೀಕ್ಷೆ ಮಾಡಿದವರು ಇದು ಪಿಟಿಎಸ್‌ಡಿ ಅಲ್ಲ, ಆತಂಕದ ಕಾಯಿಲೆ ಎಂದು ಬರೆದರು. ಕ್ಲೇಮ್ ತಿರಸ್ಕಾರವಾಯಿತು. ಅಪೀಲು ಮಾಡಬೇಕಾ, ಹೊಸದಾಗಿ ಹಾಕಬೇಕಾ? ಇವರು ‘ಸುಮ್ನೆ ಬಿಟ್ಟುಬಿಡು’ ಅಂತಾರೆ.

ಉತ್ತರ: ಬಿಡಬೇಡಿ. ಕಾಯಿಲೆಯ ಹೆಸರು ಬೇರೆ ಬಂತು ಎಂಬ ಒಂದೇ ಕಾರಣಕ್ಕೆ ಕ್ಲೇಮ್ ಬಿದ್ದುಹೋಗಬಾರದು. 2009ರ ಕ್ಲೆಮನ್ಸ್ ಪ್ರಕರಣದಲ್ಲಿ ಅಲ್ಲಿನ ಮಾಜಿ ಸೈನಿಕರ ಕ್ಲೇಮುಗಳ ಮೇಲ್ಮನವಿ ನ್ಯಾಯಾಲಯ ಇದನ್ನೇ ಹೇಳಿತು. ಸೈನಿಕ ಡಾಕ್ಟರ್ ಅಲ್ಲ, ತನ್ನ ಕಾಯಿಲೆಗೆ ತಾನೇ ಹೆಸರಿಡಲು ಅವನಿಗೆ ಆಗುವುದಿಲ್ಲ. ಅವನು ಕೇಳುತ್ತಿರುವುದು ತನ್ನನ್ನು ಕಾಡುತ್ತಿರುವ ತೊಂದರೆಗೆ ಪರಿಹಾರ. ಹಾಗಾಗಿ ಪಿಟಿಎಸ್‌ಡಿ ಎಂದು ಹಾಕಿದ್ದರೂ ಅದೇ ಲಕ್ಷಣಗಳಿಂದ ಹೊರಬಿದ್ದ ಆತಂಕದ ಕಾಯಿಲೆಯನ್ನೂ ವಿಎ ಪರಿಶೀಲಿಸಬೇಕು.

ಈಗ ತೀರ್ಮಾನದ ಪತ್ರ ತೆಗೆದು ನಿಧಾನವಾಗಿ ಓದಿ. ವಿಎ ಒಪ್ಪಬೇಕಾದರೆ ಸಾಮಾನ್ಯವಾಗಿ ಮೂರು ವಿಷಯ ಬೇಕು: ಈಗ ಕಾಯಿಲೆ ಇದೆ, ಸೇವೆಯಲ್ಲಿದ್ದಾಗ ಏನೋ ನಡೆದಿದೆ, ಎರಡಕ್ಕೂ ಸಂಬಂಧ ಇದೆ. ಈ ಸಂಬಂಧಕ್ಕೇ ನೆಕ್ಸಸ್ ಅನ್ನುತ್ತಾರೆ. ಪತ್ರದಲ್ಲಿ ನಿಮ್ಮ ಪರವಾಗಿ ಒಪ್ಪಿಕೊಂಡ ಅಂಶಗಳ ಪಟ್ಟಿಯೂ ಇರುತ್ತದೆ. ಕೋಪದಲ್ಲಿ ಓದುವವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ! ಒಮ್ಮೆ ಒಪ್ಪಿದ್ದನ್ನು ಮುಂದಿನ ಅಧಿಕಾರಿ ಬಲವಾದ ಕಾರಣವಿಲ್ಲದೆ ಅಲ್ಲಗಳೆಯುವಂತಿಲ್ಲ.

ಪತ್ರದಲ್ಲಿ ‘ಪಿಟಿಎಸ್‌ಡಿ ಇಲ್ಲ’ ಎಂದಷ್ಟೇ ಇದ್ದು ಆತಂಕದ ಮಾತೇ ಇಲ್ಲದಿದ್ದರೆ ತಪ್ಪು ಅವರದು. ಆಗ ಹೈಯರ್ ಲೆವೆಲ್ ರಿವ್ಯೂ ಕೇಳಿ, ಫಾರಂ 20-0996. ಹಿರಿಯ ಅಧಿಕಾರಿಯೊಬ್ಬರು ಅದೇ ಕಡತವನ್ನು ಮತ್ತೆ ನೋಡುತ್ತಾರೆ. ಹೊಸ ಕಾಗದ ಏನನ್ನೂ ಸೇರಿಸುವ ಹಾಗಿಲ್ಲ. ಆದರೆ ಒಂದು ಸಲ ಫೋನಿನಲ್ಲಿ ಮಾತಾಡಿ ತಪ್ಪು ಎಲ್ಲಿ ಎಂದು ತೋರಿಸಬಹುದು, ಅದನ್ನು ಕೇಳಿಯೇ ಪಡೆಯಿರಿ.

ಆತಂಕ ಇದೆ, ಆದರೆ ಸೇವೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಬರೆದಿದ್ದರೆ ದಾರಿ ಬೇರೆ. ಅದು ಸಪ್ಲಿಮೆಂಟಲ್ ಕ್ಲೇಮ್, ಫಾರಂ 20-0995. ಇದಕ್ಕೆ ಹೊಸ ಸಾಕ್ಷ್ಯ ಬೇಕೇ ಬೇಕು. ಚಿಕಿತ್ಸೆ ಕೊಡುತ್ತಿರುವ ಮನೋವೈದ್ಯರು ಹಳೆಯ ದಾಖಲೆ ಓದಿ, ಈ ಕಾಯಿಲೆ ಸೇವೆಯಿಂದ ಬಂದಿರುವ ಸಾಧ್ಯತೆ ಕನಿಷ್ಠ ಅರ್ಧಕ್ಕರ್ಧ ಇದೆ ಎಂದು ಕಾರಣ ಸಮೇತ ಬರೆದುಕೊಟ್ಟರೆ ಬಹಳ ತೂಕ ಬರುತ್ತದೆ. ಪೂರ್ತಿ ಖಚಿತ ಎಂದು ಬರೆಯಬೇಕಾಗಿಲ್ಲ, ಎರಡೂ ಕಡೆ ಸಮ ಇದ್ದರೆ ಅನುಮಾನದ ಲಾಭ ಸೈನಿಕನಿಗೇ. ಇದು ಕಾನೂನಿನಲ್ಲೇ ಇದೆ.

ಮೂರನೆಯದು ಬೋರ್ಡ್ ಅಪೀಲ್, ಅಂದರೆ ಮಾಜಿ ಸೈನಿಕರ ಮೇಲ್ಮನವಿ ಮಂಡಳಿಗೆ ಹೋಗುವುದು, ಫಾರಂ 10182. ಅಲ್ಲಿ ನ್ಯಾಯಾಧೀಶರು ನೋಡುತ್ತಾರೆ, ವಿಚಾರಣೆಯನ್ನೂ ಕೇಳಬಹುದು, ಆದರೆ ಕಾಯುವುದು ಜಾಸ್ತಿ. ಈಗಲೇ ಅಷ್ಟು ದೂರ ಹೋಗಬೇಡಿ.

ಯಾವ ದಾರಿಯಾದರೂ ಪತ್ರದ ತಾರೀಖಿನಿಂದ ಒಂದು ವರ್ಷದೊಳಗೆ ಹಾಕಿ. ವರ್ಷ ದಾಟಿದ ಮೇಲೂ ಸಪ್ಲಿಮೆಂಟಲ್ ಹಾಕಬಹುದು, ಆದರೆ ಮೊದಲ ಕ್ಲೇಮಿನ ದಿನದಿಂದ ಬರಬೇಕಾದ ಹಿಂಬಾಕಿ ಕೈಬಿಟ್ಟುಹೋಗುತ್ತದೆ.

ಸಪ್ಲಿಮೆಂಟಲ್ ಆದರೆ ನಿಮ್ಮ ಹೇಳಿಕೆಯೂ ಸಾಕ್ಷ್ಯವೇ. ಫಾರಂ 21-10210ರಲ್ಲಿ ಕಂಡದ್ದನ್ನು ಬರೆಯಿರಿ. ‘ಇವರಿಗೆ ತುಂಬಾ ಆತಂಕ’ ಎಂದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಸೇನೆಗೆ ಹೋಗುವ ಮುಂಚೆ ಹೇಗಿದ್ದರು, ಬಂದ ಮೇಲೆ ಏನು ಬದಲಾಯಿತು, ರಾತ್ರಿ ಎಷ್ಟು ಸಲ ಎದ್ದು ಬಾಗಿಲ ಚಿಲಕ ನೋಡುತ್ತಾರೆ, ಯಾವ ಕೆಲಸ ಯಾಕೆ ಬಿಟ್ಟರು, ಮಕ್ಕಳ ಶಾಲೆಯ ಕಾರ್ಯಕ್ರಮಕ್ಕೆ ಬಂದು ಅರ್ಧಕ್ಕೇ ಹೇಗೆ ಎದ್ದು ಹೋದರು, ಇಂಥದ್ದು ಬೇಕು. ಜೊತೆಗಿದ್ದ ಸೈನಿಕರು ಅಲ್ಲಿ ನಡೆದದ್ದನ್ನು ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಯಜಮಾನರಿಗೂ ಒಂದು ಮಾತು ಹೇಳಿ. ಮತ್ತೆ ಪರೀಕ್ಷೆಗೆ ಕರೆದಾಗ ‘ಪರವಾಗಿಲ್ಲ, ಆರಾಮಾಗಿದ್ದೀನಿ’ ಅನ್ನುವ ಅಭ್ಯಾಸ ಅಲ್ಲಿ ಬೇಡ. ಸೇನೆಯಲ್ಲಿ ಕಲಿತ ಮಾತದು, ಪರೀಕ್ಷೆ ಮಾಡುವವರು ಇವರು ಹೇಳಿದ್ದನ್ನೇ ವರದಿಯಲ್ಲಿ ಬರೆದುಕೊಳ್ಳುತ್ತಾರೆ. ಉತ್ಪ್ರೇಕ್ಷೆಯೂ ಬೇಡ. ಕೆಟ್ಟ ದಿನಗಳು ಹೇಗಿರುತ್ತವೆ ಎಂದು ಇದ್ದಹಾಗೆ ಹೇಳಲಿ. ಎಷ್ಟು ಪರಿಹಾರ ಎಂದು ತೀರ್ಮಾನಿಸಲು ಮಾನಸಿಕ ಕಾಯಿಲೆಗೆ 0, 10, 30, 50, 70, 100 ಎಂದು ಶೇಕಡಾ ರೇಟಿಂಗ್ ಇದೆ. ಅದು ನಿಂತಿರುವುದು ಕೆಲಸಕ್ಕೂ ಸಂಬಂಧಗಳಿಗೂ ಎಷ್ಟು ಅಡ್ಡಿಯಾಗಿದೆ ಎಂಬುದರ ಮೇಲೆ. ನಿಯಮದಲ್ಲಿ ಕೊಟ್ಟಿರುವ ಲಕ್ಷಣಗಳು ಬರೀ ಉದಾಹರಣೆ, ಎಲ್ಲವೂ ಇರಲೇಬೇಕು ಅಂತೇನಿಲ್ಲ.

ಅಪೀಲಿನ ಓಡಾಟದಲ್ಲಿ ಚಿಕಿತ್ಸೆ ನಿಲ್ಲಿಸಬೇಡಿ. ಸಂಕಟ ತಡೆಯಲಾಗದಿದ್ದರೆ ಅಮೆರಿಕದಲ್ಲಿ 988ಕ್ಕೆ ಫೋನ್ ಮಾಡಿ 1 ಒತ್ತಲಿ. ಅದು ಮಾಜಿ ಸೈನಿಕರಿಗೇ ಇರುವ ಸಹಾಯವಾಣಿ, ಮನೆಯವರೂ ಮಾಡಬಹುದು.

ಪ್ರಶ್ನೆ: ನಾನು ಯುದ್ಧಕ್ಕೆ ಹೋದವನಲ್ಲ. ಅಮೆರಿಕದ ನೌಕಾಪಡೆಯಲ್ಲಿದ್ದಾಗ ಬೆನ್ನಿಗೆ ಪೆಟ್ಟಾಗಿ ಅದಕ್ಕೆ ರೇಟಿಂಗ್ ಸಿಕ್ಕಿದೆ. ಆ ನೋವಿನಿಂದಲೇ ಈಗ ಆತಂಕ, ಖಿನ್ನತೆ ಎರಡೂ ಶುರುವಾಗಿವೆ. ಕೇಳಬಹುದಾ? ಅರ್ಜಿ ತಯಾರಿಸಿಕೊಡಲು ಒಬ್ಬರು ಮುಂಗಡ ದುಡ್ಡು ಕೇಳುತ್ತಿದ್ದಾರೆ.

ಉತ್ತರ: ಖಂಡಿತ ಕೇಳಬಹುದು. ಒಪ್ಪಿಕೊಂಡ ಕಾಯಿಲೆಯಿಂದ ಇನ್ನೊಂದು ಹುಟ್ಟಿದರೆ, ಅಥವಾ ಇದ್ದದ್ದು ಹೆಚ್ಚಾದರೆ, ಅದಕ್ಕೂ ಪರಿಹಾರ ಇದೆ. ಸೆಕೆಂಡರಿ ಅನ್ನುತ್ತಾರೆ. ಬೆನ್ನುನೋವಿಗೂ ಮನಸ್ಸಿಗೂ ಇರುವ ಸಂಬಂಧವನ್ನು ವೈದ್ಯರು ಬರೆಯಬೇಕು. ಆತಂಕಕ್ಕೊಂದು, ಖಿನ್ನತೆಗೊಂದು ಅಂತ ಬೇರೆ ಬೇರೆ ರೇಟಿಂಗ್ ನಿರೀಕ್ಷಿಸಬೇಡಿ, ಸಾಮಾನ್ಯವಾಗಿ ಎರಡಕ್ಕೂ ಸೇರಿ ಒಂದೇ. ನಿಮ್ಮದು ಅಪೀಲು ಅಲ್ಲ, ಹೊಸ ಕ್ಲೇಮ್, ಫಾರಂ 21-526EZ. ಕಾಗದ ಹೊಂದಿಸಲು ಸಮಯ ಬೇಕಿದ್ದರೆ ಮೊದಲು ‘ಇಂಟೆಂಟ್ ಟು ಫೈಲ್’ (ಕ್ಲೇಮ್ ಹಾಕಲಿದ್ದೇನೆ ಎಂಬ ಸೂಚನೆ) ಹಾಕಿ, ಒಂದು ವರ್ಷದವರೆಗೆ ಆ ತಾರೀಖು ನಿಮ್ಮದಾಗಿರುತ್ತದೆ.

ದುಡ್ಡು ಕೊಡಬೇಡಿ. ಮೊದಲ ತೀರ್ಮಾನ ಬರುವ ಮುಂಚೆ ಕ್ಲೇಮ್ ತಯಾರಿಗೆ ಶುಲ್ಕ ತೆಗೆದುಕೊಳ್ಳುವಂತಿಲ್ಲ, ವಕೀಲರೂ ಅಷ್ಟೇ. ತೀರ್ಮಾನದ ನಂತರ ವಕೀಲರನ್ನು ಹಿಡಿದರೆ ಹಿಂಬಾಕಿಯಲ್ಲಿ ಶೇಕಡಾ 20ರವರೆಗಿನ ಶುಲ್ಕವನ್ನು ನ್ಯಾಯವಾದದ್ದು ಎಂದು ನಿಯಮ ನೋಡುತ್ತದೆ. ಮಾಜಿ ಸೈನಿಕರ ಸೇವಾ ಸಂಘಗಳ ಪ್ರತಿನಿಧಿಗಳು ಇದೇ ಕೆಲಸವನ್ನು ಉಚಿತವಾಗಿ ಮಾಡಿಕೊಡುತ್ತಾರೆ. ಅವರಿಗೆ ವಿಎ ಮಾನ್ಯತೆ ಇದೆಯಾ ಅಂತ ವಿಎ ವೆಬ್‌ಸೈಟಿನಲ್ಲೇ ಹೆಸರು ಹಾಕಿ ನೋಡಬಹುದು. ದುಡ್ಡು ಕೇಳಿದವರ ಹೆಸರನ್ನೂ ಅಲ್ಲೇ ಹುಡುಕಿ ನೋಡಿ.