ಫ್ರೆಂಚ್, ತೌಲನಿಕ ಸಾಹಿತ್ಯ ಮತ್ತು ಹೊರನಾಡಿನ ಒಂದು ವರ್ಷ: ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್ ಮತ್ತು ತೌಲನಿಕ ಸಾಹಿತ್ಯವನ್ನು ಜೊತೆಯಾಗಿ ಓದುವ ಪದವಿಯ ಬಗ್ಗೆ, ಅದರಲ್ಲೂ ನಡುವೆ ಬರುವ ಹೊರದೇಶದ ವರ್ಷದ ಬಗ್ಗೆ, ಹಲವು ಪತ್ರಗಳು ಬಂದಿವೆ. ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮಗಳು ಎ-ಲೆವೆಲ್ (ನಮ್ಮ ಪಿಯುಸಿಯಂಥ ಹಂತ) ಮೊದಲ ವರ್ಷದಲ್ಲಿ ಫ್ರೆಂಚ್, ಇಂಗ್ಲಿಷ್ ಸಾಹಿತ್ಯ ಮತ್ತು ಇತಿಹಾಸ ಓದುತ್ತಿದ್ದಾಳೆ. ಮುಂದೆ ಫ್ರೆಂಚ್ ಮತ್ತು ತೌಲನಿಕ ಸಾಹಿತ್ಯದ ನಾಲ್ಕು ವರ್ಷದ ಪದವಿಗೇ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ಇಂಗ್ಲೆಂಡಿನಲ್ಲಿ ಬೇರೆ ಪದವಿಗಳು ಮೂರು ವರ್ಷಕ್ಕೆ ಮುಗಿಯುವಾಗ ಇದಕ್ಕೇಕೆ ನಾಲ್ಕು? ಈಗಾಗಲೇ ಫ್ರೆಂಚ್ ಬರುವವಳು ಅಲ್ಲಿ ಓದುವುದಾದರೂ ಏನನ್ನು? ಊರಿಗೆ ಹೋದಾಗ ಅತ್ತೆ-ಮಾವನವರಿಗೆ ಏನೆಂದು ವಿವರಿಸಲಿ? — ಒಬ್ಬ ತಾಯಿ, ರೆಡಿಂಗ್

ಉತ್ತರ: ಮೂರನೆಯ ವರ್ಷವನ್ನು ಫ್ರೆಂಚ್ ಮಾತಾಡುವ ನಾಡಿನಲ್ಲಿ ಕಳೆಯಬೇಕಾಗಿರುವುದರಿಂದ ಪದವಿ ನಾಲ್ಕು ವರ್ಷದ್ದಾಗುತ್ತದೆ, ಆ ವರ್ಷವನ್ನು ಪದವಿಯ ಅಂಗವೆಂದೇ ಎಣಿಸಲಾಗುತ್ತದೆ. ಎ-ಲೆವೆಲ್‌ನಲ್ಲಿ ಆಕೆ ಓದುವುದು ಒಂದೆರಡು ಸಾಹಿತ್ಯ ಕೃತಿಗಳು ಅಥವಾ ಒಂದು ಕೃತಿ, ಒಂದು ಚಲನಚಿತ್ರ ಮಾತ್ರ. ವಿಶ್ವವಿದ್ಯಾಲಯದಲ್ಲಿ ವಾರಕ್ಕೆ ಮೂರು-ನಾಲ್ಕು ಗಂಟೆಗಳ ಭಾಷಾ ತರಗತಿಯ ಜೊತೆಗೆ, ಫ್ರೆಂಚ್ ಸಾಹಿತ್ಯ, ಚರಿತ್ರೆ, ಚಿಂತನೆ, ಸಿನಿಮಾಗಳನ್ನು ಮೂಲ ಭಾಷೆಯಲ್ಲೇ ಓದಿ, ನೋಡಿ, ಬರೆಯಬೇಕಾಗುತ್ತದೆ. ಅಲ್ಲಿ ಫ್ರೆಂಚ್ ಎಂದರೆ ಪ್ಯಾರಿಸ್ ಮಾತ್ರವಲ್ಲ. ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನ ಎಮೆ ಸೆಸೇರ್, 2005ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದ ಅಲ್ಜೀರಿಯದ ಆಸಿಯಾ ಜೆಬಾರ್, ತೆಲುಗು ಮೂಲದ ಮನೆತನದಲ್ಲಿ ಹುಟ್ಟಿ ಫ್ರೆಂಚಿನಲ್ಲಿ ಬರೆಯುವ ಮಾರಿಷಸ್‌ನ ಆನಂದ ದೇವಿ, ಇಂಥ ಲೇಖಕರೂ ಇಂದಿನ ಫ್ರೆಂಚ್ ವಿಭಾಗಗಳ ಓದಿನೊಳಗೆ ಬಂದಿದ್ದಾರೆ.

ತೌಲನಿಕ ಸಾಹಿತ್ಯದ ಅರ್ಧ ಬೇರೆ ಬಗೆಯದು. ಒಂದು ಭಾಷೆಯ ಗಡಿಯೊಳಗೆ ನಿಲ್ಲದೆ, ಒಂದು ಪ್ರಕಾರವೋ ಕಥಾವಸ್ತುವೋ ನಾಡಿನಿಂದ ನಾಡಿಗೆ ಸಾಗಿದಾಗ ಹೇಗೆ ಬದಲಾಗುತ್ತದೆ, ಪರಸ್ಪರ ಸಂಪರ್ಕವೇ ಇರದ ಎರಡು ಸಮಾಜಗಳು ಒಂದೇ ಪ್ರಶ್ನೆಯನ್ನು ಹೇಗೆ ಬರೆದವು ಎಂಬುದನ್ನು ಅದು ಕೇಳುತ್ತದೆ. ಜರ್ಮನ್ ಕವಿ ಗಯಟೆ 1827ರಲ್ಲಿ ವಿಶ್ವಸಾಹಿತ್ಯದ ಮಾತೆತ್ತಿದ್ದ. ಪ್ಯಾರಿಸ್‌ನಲ್ಲಿ 1921ರಲ್ಲಿ ಈ ವಿಷಯಕ್ಕೆಂದೇ ಒಂದು ವಿದ್ವತ್ ಪತ್ರಿಕೆ ಶುರುವಾಯಿತು. ಯಾವ ಲೇಖಕ ಯಾರಿಂದ ಎಷ್ಟು ಪಡೆದ ಎಂಬ ಲೆಕ್ಕಾಚಾರದಲ್ಲೇ ಫ್ರೆಂಚ್ ವಿದ್ವಾಂಸರು ಮುಳುಗಿದ್ದಾರೆಂದು 1958ರಲ್ಲಿ ಅಮೆರಿಕದ ವಿದ್ವಾಂಸ ರೆನೆ ವೆಲೆಕ್ ಕಟುವಾಗಿ ಟೀಕಿಸಿದರು. ಪ್ಯಾರಿಸ್ಸಿನ ವಿಶ್ವವಿದ್ಯಾಲಯ ಸೊರ್ಬಾನ್‌ನಲ್ಲೇ ಪಾಠ ಹೇಳುತ್ತಿದ್ದ ಎತ್ಯಾಂಬ್ಲ್, ಏಷ್ಯಾದ ಸಾಹಿತ್ಯಗಳನ್ನು ಬಿಟ್ಟು ಹೋಲಿಕೆಯ ಮಾತಾಡುವುದು ಸಲ್ಲದೆಂದು ವಾದಿಸಿದರು. ಆ ಜಗಳ ಇನ್ನೂ ಪೂರ್ತಿ ತೀರಿಲ್ಲ. ಪಠ್ಯಕ್ರಮಗಳನ್ನು ಎದುರುಬದುರು ಇಟ್ಟು ನೋಡಿದರೆ ಅದರ ಗುರುತುಗಳು ಕಾಣುತ್ತವೆ. ಕೆಲವು ವಿಭಾಗಗಳಲ್ಲಿ ತೌಲನಿಕ ಸಾಹಿತ್ಯವೆಂದರೆ ಇಂದಿಗೂ ಯೂರೋಪಿನ ನಾಲ್ಕು ಭಾಷೆಗಳಷ್ಟೇ.

ಆದ್ದರಿಂದ ನನ್ನ ಸಲಹೆಯೆಂದರೆ, ರ‍್ಯಾಂಕಿಂಗ್ ಪಟ್ಟಿಯನ್ನು ಬದಿಗಿಟ್ಟು, ಮಗಳನ್ನು ಕೂರಿಸಿಕೊಂಡು ಪ್ರತಿಯೊಂದು ವಿಶ್ವವಿದ್ಯಾಲಯದ ಮೊದಲ ಮತ್ತು ಕೊನೆಯ ವರ್ಷದ ವಿಷಯಪಟ್ಟಿಯನ್ನು ಸಾಲುಸಾಲಾಗಿ ಓದಿ. ತೌಲನಿಕ ಸಾಹಿತ್ಯದ ಪಾಠಗಳಲ್ಲಿ ಹೆಚ್ಚಿನ ಕೃತಿಗಳನ್ನು ಇಂಗ್ಲಿಷ್ ಅನುವಾದದಲ್ಲಿ ಓದಿಸುತ್ತಾರೆ. ಅದು ತಪ್ಪಲ್ಲ; ಆದರೆ ಫ್ರೆಂಚ್ ಕೃತಿಗಳನ್ನು ಮೂಲದಲ್ಲೇ ಓದಲು ಬಿಡುತ್ತಾರೆಯೇ ಎಂಬುದನ್ನು ಕೇಳಿ ತಿಳಿಯಬೇಕು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಹಾಕುವ ಯುಕ್ಯಾಸ್ ಅರ್ಜಿಯಲ್ಲಿ ಐದು ಆಯ್ಕೆಗಳಿಗೆ ಅವಕಾಶವಿದೆ. 2026ರ ಪ್ರವೇಶದಿಂದ ಸ್ವವಿವರದ ಹೇಳಿಕೆಯನ್ನು ಮೂರು ಪ್ರಶ್ನೆಗಳಿಗೆ ಉತ್ತರವಾಗಿ ಬರೆಯಬೇಕು. ಅಲ್ಲಿ ತನಗೆ ಭಾಷೆಗಳೆಂದರೆ ಪ್ರೀತಿ ಎಂದು ಬರೆಯುವುದಕ್ಕಿಂತ, ಪಠ್ಯದಾಚೆಗೆ ಓದಿದ ಎರಡು ಕೃತಿಗಳನ್ನು ಜೊತೆಗಿಟ್ಟು ನಾಲ್ಕು ಮಾತು ಬರೆದರೆ ಓದುವವರು ಗಮನಿಸುತ್ತಾರೆ.

ಇನ್ನೊಂದು ಮಾತನ್ನು ಮುಜುಗರವಿಲ್ಲದೆ ಕೇಳಬೇಕು. ಇಂಗ್ಲೆಂಡಿನ ಶಾಲೆಗಳಲ್ಲಿ 2004ರಿಂದ ಹದಿನಾಲ್ಕು ವರ್ಷದ ನಂತರ ವಿದೇಶಿ ಭಾಷೆ ಕಡ್ಡಾಯವಲ್ಲ. ಕಲಿಯುವವರು ಕಡಿಮೆಯಾದಂತೆ ಹಲವು ವಿಶ್ವವಿದ್ಯಾಲಯಗಳು ಭಾಷಾ ವಿಭಾಗಗಳನ್ನು ಕುಗ್ಗಿಸಿವೆ, ಕೆಲವು ಮುಚ್ಚಿವೆ. ಸೇರಿದ ಮೇಲೆ ವಿಭಾಗ ಮುಚ್ಚುವ ಪ್ರಸಂಗ ಬಂದರೆ ಪದವಿಯನ್ನು ಮುಗಿಸಿಕೊಡುತ್ತೀರಾ, ಆಗ ಪಾಠ ಹೇಳುವವರು ಯಾರು ಎಂದು ವಿಶ್ವವಿದ್ಯಾಲಯವನ್ನು ನೋಡಲು ಕರೆಯುವ ಮುಕ್ತ ದಿನಕ್ಕೆ ಹೋದಾಗ ನೀವೇ ಕೇಳಿ.

ಅತ್ತೆ-ಮಾವನವರ ವಿಷಯ. ಇದು ಓದು ಮುಗಿದೊಡನೆ ಗೊತ್ತಾದ ಒಂದು ಹುದ್ದೆಗೆ ಕರೆದೊಯ್ಯುವ ಪದವಿಯಲ್ಲ, ಅಂಥ ಹುದ್ದೆ ಸಿಗುತ್ತದೆಂದು ಹೇಳಿ ಅವರನ್ನು ಸಮಾಧಾನಪಡಿಸಲೂ ಬೇಡಿ. ಪ್ರಕಾಶನ, ಅನುವಾದ, ಸರ್ಕಾರಿ ಸೇವೆ, ಶಾಲಾ ಅಧ್ಯಾಪನ ಇವುಗಳಲ್ಲಿ ಈ ಪದವೀಧರರಿದ್ದಾರೆ. ಇಂಗ್ಲೆಂಡಿನಲ್ಲಿ ಕಾನೂನು ಪದವಿಯಿಲ್ಲದವರೂ ವೃತ್ತಿ ಪರೀಕ್ಷೆಗಳನ್ನು ಬರೆದು ಸಾಲಿಸಿಟರ್ ಆಗಬಹುದಾದ್ದರಿಂದ ಆ ದಾರಿ ಹಿಡಿಯುವವರೂ ಉಂಟು. ಮೊದಲ ಸಂಬಳದಲ್ಲಿ ಮಾತ್ರ ಕಂಪ್ಯೂಟರ್ ವಿಜ್ಞಾನ ಓದಿದ ಪಕ್ಕದ ಮನೆಯ ಹುಡುಗನಿಗೆ ಸರಿಗಟ್ಟುವುದು ಕಷ್ಟ.

ಪ್ರಶ್ನೆ: ಮಗ ಎರಡನೆಯ ವರ್ಷದಲ್ಲಿದ್ದಾನೆ. ಮುಂದಿನ ವರ್ಷ ಫ್ರಾನ್ಸಿನ ವಿಶ್ವವಿದ್ಯಾಲಯದಲ್ಲಿ ಓದುವುದೋ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದೋ, ಕಂಪನಿಯಲ್ಲಿ ಕೆಲಸ ಮಾಡುವುದೋ ತೀರ್ಮಾನಿಸಬೇಕಂತೆ. ಯಾವುದು ಮೇಲು? ಅಲ್ಲಿದ್ದರೂ ಇಲ್ಲಿ ಶುಲ್ಕ ಕಟ್ಟಬೇಕೇ? — ಒಬ್ಬ ತಂದೆ, ಮಿಲ್ಟನ್ ಕೀನ್ಸ್

ಉತ್ತರ: ಶುಲ್ಕ ಕಟ್ಟಬೇಕು, ಆದರೆ ಪೂರ್ತಿಯಲ್ಲ. ಇಂಗ್ಲೆಂಡಿನ ಸ್ಥಳೀಯ ವಿದ್ಯಾರ್ಥಿಗಳಿಗೆ ಇಡೀ ವರ್ಷವನ್ನು ಹೊರದೇಶದಲ್ಲಿ ಓದಿ ಕಳೆದರೆ ಪೂರ್ಣ ಶುಲ್ಕದ ಹೆಚ್ಚೆಂದರೆ 15 ಪ್ರತಿಶತ, ಕೆಲಸದ ನಿಯೋಜನೆಯಾದರೆ ಹೆಚ್ಚೆಂದರೆ 20 ಪ್ರತಿಶತ ಎಂಬ ಮಿತಿಯಿದೆ. ಜೀವನವೆಚ್ಚದ ಸಾಲಕ್ಕೆ ಆ ವರ್ಷವೂ ಅರ್ಜಿ ಹಾಕಬಹುದು. ಹೊರದೇಶದ ಓದಿಗೆ ವಿದ್ಯಾರ್ಥಿಗಳಿಗೆ ಹಣ ನೀಡುವ ಯೂರೋಪಿನ ಎರಾಸ್ಮಸ್ ಯೋಜನೆಯಿಂದ ಬ್ರಿಟನ್ ಹೊರಬಂದ ಮೇಲೆ, ಅದರ ಬದಲಿಗೆ 2021ರಲ್ಲಿ ಟ್ಯೂರಿಂಗ್ ಯೋಜನೆ ಬಂತು. ಅದರ ಹಣ ವಿಶ್ವವಿದ್ಯಾಲಯದ ಮೂಲಕವೇ ಸಿಗುವುದು, ಎಲ್ಲರಿಗೂ ಸಿಗುತ್ತದೆಂಬ ಭರವಸೆಯೂ ಇಲ್ಲ. ಆದ್ದರಿಂದ ಅದನ್ನು ನೆಚ್ಚಿಕೊಂಡು ಮನೆ ಬಾಡಿಗೆಗೆ ಒಪ್ಪಿಕೊಳ್ಳಬೇಡಿ. 2027ರಲ್ಲಿ ಬ್ರಿಟನ್ ಎರಾಸ್ಮಸ್‌ಗೆ ಮರಳಿ ಸೇರಲು ಒಪ್ಪಂದವಾಗಿದೆ.

ಶಾಲೆಯ ಕೆಲಸವೆಂದು ನೀವು ಬರೆದಿರುವುದು ಬ್ರಿಟಿಷ್ ಕೌನ್ಸಿಲ್ ಮೂಲಕ ಸಿಗುವ ಭಾಷಾ ಸಹಾಯಕರ ಹುದ್ದೆ. ಫ್ರಾನ್ಸಿನಲ್ಲಿ ಅದು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಏಪ್ರಿಲ್ ಕೊನೆಯವರೆಗೆ ಏಳು ತಿಂಗಳು, ವಾರಕ್ಕೆ 12 ಗಂಟೆಗಳ ಪಾಠ. ಸಂಬಳ ದೊಡ್ಡದಲ್ಲ, ಆದರೆ ಸಣ್ಣ ಊರಿನಲ್ಲಿ ಮಿತವಾಗಿ ಬದುಕಿದರೆ ಊಟ-ವಸತಿಗೆ ಬಹುಮಟ್ಟಿಗೆ ಸಾಲುತ್ತದೆ. ಊರನ್ನು ಆರಿಸುವವರು ನೀವಲ್ಲ: ಪ್ರಾಂತ್ಯಗಳ ಆದ್ಯತೆಯನ್ನಷ್ಟೇ ಕೇಳುತ್ತಾರೆ. ಲಿಯೋನ್ ಬಯಸಿದವನಿಗೆ ದಿನಕ್ಕೆ ಎರಡೇ ರೈಲು ನಿಲ್ಲುವ ಊರು ಸಿಗಬಹುದು. ಇದು ಕೊರತೆಯೆಂದು ಹಲವರು ಹೇಳುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ. ದೊಡ್ಡ ನಗರದಲ್ಲಿ ಇಂಗ್ಲಿಷ್ ಮಾತಾಡುವ ಗೆಳೆಯರ ಗುಂಪು ಮೊದಲ ವಾರದಲ್ಲೇ ಕಟ್ಟಿಕೊಳ್ಳುತ್ತದೆ, ಆಮೇಲೆ ಫ್ರೆಂಚ್ ಅಂಗಡಿಯಲ್ಲಿ ಬ್ರೆಡ್ ಕೊಳ್ಳುವಷ್ಟಕ್ಕೇ ಉಳಿಯುತ್ತದೆ. ಸಣ್ಣ ಊರಿನ ಶಿಕ್ಷಕರ ಕೊಠಡಿಯಲ್ಲಿ ಆ ಅನುಕೂಲವಿಲ್ಲ.

ಆದರೂ ನಿಮ್ಮ ಮಗ ತೌಲನಿಕ ಸಾಹಿತ್ಯವನ್ನೂ ಓದುತ್ತಿರುವುದರಿಂದ ನಾನು ವಿಶ್ವವಿದ್ಯಾಲಯದ ಕಡೆಗೇ ವಾಲುತ್ತೇನೆ. ಫ್ರಾನ್ಸಿನ ಸಾಹಿತ್ಯ ವಿಭಾಗಗಳಲ್ಲಿ ಈ ವಿಷಯಕ್ಕೆ ಗಟ್ಟಿ ನೆಲೆಯಿದೆ, ಅದನ್ನು ಅಲ್ಲಿ ಕಲಿಸುವ ಕ್ರಮ ಬ್ರಿಟನ್ನಿನದಕ್ಕಿಂತ ಬೇರೆಯೇ. ಒಂದೇ ವಿಷಯವನ್ನು ಎರಡು ವಿದ್ವತ್ ಪರಂಪರೆಗಳಲ್ಲಿ ಓದುವ ಅವಕಾಶ ಪದವಿ ಹಂತದಲ್ಲಿ ಹೆಚ್ಚು ಜನಕ್ಕೆ ಸಿಗುವುದಿಲ್ಲ. ಮನೆಯ ಹಣಕಾಸು ಬಿಗಿಯಾಗಿದ್ದರೆ ಮಾತ್ರ ಶಾಲೆಯ ಕೆಲಸವನ್ನು ಮುಂದಿಡಿ. ಕಂಪನಿಯ ಕೆಲಸವನ್ನು ಮಗನೇ ಹುಡುಕಿಕೊಳ್ಳಬೇಕಾಗುತ್ತದೆ. ಫ್ರೆಂಚಿನಲ್ಲಿ ವ್ಯವಹರಿಸುವ ಕೆಲಸವೇ ಎಂದು ವಿಚಾರಿಸದೆ ಅದನ್ನು ಒಪ್ಪಬಾರದು.

ಬಾಡಿಗೆಯ ವಿಷಯದಲ್ಲಿ ಒಂದು ಕಿವಿಮಾತು. ಫ್ರಾನ್ಸಿನ ಮನೆಮಾಲೀಕರು ಜಾಮೀನುದಾರರನ್ನು ಕೇಳುತ್ತಾರೆ, ಅವರು ಫ್ರಾನ್ಸಿನಲ್ಲೇ ಇರಬೇಕೆಂದು ಪಟ್ಟು ಹಿಡಿಯುವುದೂ ಸಾಮಾನ್ಯ. ಯುವಜನರಿಗೆ ವಿಸಾಲ್ ಎಂಬ ಉಚಿತ ಸಾರ್ವಜನಿಕ ಜಾಮೀನಿನ ವ್ಯವಸ್ಥೆಯಿದೆ. ಮನೆ ಹುಡುಕುವ ಮೊದಲೇ ಅದಕ್ಕೆ ಅರ್ಜಿ ಹಾಕಲಿ.

ಪ್ರಶ್ನೆ: ನಾನು ಈಗ ಫ್ರಾನ್ಸಿನಲ್ಲಿ ಮೂರನೆಯ ವರ್ಷ ಕಳೆಯುತ್ತಿದ್ದೇನೆ. ಬ್ರಿಟನ್ನಿನಲ್ಲಿ ಪ್ರಬಂಧಗಳಿಗೆ ನೂರಕ್ಕೆ 68-70 ಅಂಕ (ಅಲ್ಲಿ 70 ಬಂದರೆ ಮೊದಲ ದರ್ಜೆ) ಪಡೆಯುತ್ತಿದ್ದ ನನಗೆ ಇಲ್ಲಿನ ಮೊದಲ ಪ್ರಬಂಧಕ್ಕೆ 20ಕ್ಕೆ 11 ಬಂದಿದೆ. ಯೋಜನೆಯಿಲ್ಲದ ಬರವಣಿಗೆ ಎಂದು ಬರೆದಿದ್ದಾರೆ. ಮನೆಯವರಿಗೆ ಹೇಳಲು ಧೈರ್ಯವಾಗುತ್ತಿಲ್ಲ. — ಒಬ್ಬ ವಿದ್ಯಾರ್ಥಿನಿ

ಉತ್ತರ: ಧಾರಾಳವಾಗಿ ಹೇಳಿ. ಫ್ರಾನ್ಸಿನಲ್ಲಿ 10 ಎಂದರೆ ತೇರ್ಗಡೆ, 12ಕ್ಕೆ ತಕ್ಕಮಟ್ಟಿಗೆ ಉತ್ತಮ, 14ಕ್ಕೆ ಉತ್ತಮ, 16ಕ್ಕೆ ಅತ್ಯುತ್ತಮ ಎಂಬ ಶ್ರೇಣಿ. ಸಾಹಿತ್ಯದಲ್ಲಿ 18 ಕಾಣುವುದೇ ಅಪರೂಪ. ನಿಮ್ಮ 11ನ್ನು ನೂರಕ್ಕೆ 55 ಎಂದು ಗುಣಿಸುವುದು ತಪ್ಪು, ನಿಮ್ಮ ವಿಶ್ವವಿದ್ಯಾಲಯವೂ ಹಾಗೆ ಗುಣಿಸುವುದಿಲ್ಲ. ಅಂಕಗಳನ್ನು ಪರಿವರ್ತಿಸುವ ಕೋಷ್ಟಕ ಅವರಲ್ಲಿರುತ್ತದೆ. ಆ ಅಂಕ ಅಂತಿಮ ಪದವಿಯ ದರ್ಜೆಗೆ ಸೇರುತ್ತದೆಯೋ, ಬರೀ ತೇರ್ಗಡೆಯಾದರೆ ಸಾಕೋ ಎಂಬ ನಿಯಮವೂ ಒಂದೊಂದು ಕಡೆ ಒಂದೊಂದು ರೀತಿಯಿದೆ. ಎರಡನ್ನೂ ನಿಮ್ಮ ಸಂಯೋಜಕರಿಂದ ಬರಹದಲ್ಲಿ ಪಡೆದುಕೊಳ್ಳಿ.

ಯೋಜನೆಯಿಲ್ಲವೆಂಬ ಟೀಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿನ ಡಿಸರ್ತಾಸಿಯೋನ್ ಎಂಬ ಪ್ರಬಂಧಕ್ಕೆ ಕಟ್ಟುನಿಟ್ಟಾದ ರಚನೆಯಿದೆ. ಕೊಟ್ಟ ಹೇಳಿಕೆಯನ್ನು ಪೀಠಿಕೆಯಲ್ಲೇ ಬಿಡಿಸಿ, ಅದರೊಳಗಿನ ಸಮಸ್ಯೆಯನ್ನು ಒಂದು ಪ್ರಶ್ನೆಯಾಗಿ ಎತ್ತಿ, ಮುಂದಿನ ಭಾಗಗಳನ್ನು, ಹೆಚ್ಚಾಗಿ ಮೂರನ್ನು, ಸಾರಿ ಹೇಳಬೇಕು. ಮೊದಲ ಭಾಗ ಹೇಳಿಕೆಯನ್ನು ಎತ್ತಿಹಿಡಿದರೆ, ಎರಡನೆಯದು ಅದರ ಮಿತಿಯನ್ನು ತೋರಿಸಿ, ಮೂರನೆಯದು ಪ್ರಶ್ನೆಯನ್ನೇ ಇನ್ನೊಂದು ನೆಲೆಗೆ ಒಯ್ಯಬೇಕು. ಬ್ರಿಟನ್ನಿನಲ್ಲಿ ನಿಮ್ಮ ನಿಲುವನ್ನು ಮೊದಲ ಪುಟದಲ್ಲೇ ಹೇಳಿ ಅದನ್ನು ಸಮರ್ಥಿಸಿದರೆ ಮೆಚ್ಚುತ್ತಾರೆ. ಫ್ರಾನ್ಸಿನಲ್ಲಿ ಅದನ್ನು ಅವಸರವೆಂದು ತಿಳಿಯುತ್ತಾರೆ. ಶಾಲೆಯಿಂದಲೇ ಇದನ್ನು ಬರೆದು ಪಳಗಿದ ಸಹಪಾಠಿಗಳ ಜೊತೆ ಕುಳಿತು, ಪೂರ್ತಿ ಪ್ರಬಂಧ ಬರೆಯದೆ ಬರೀ ಪೀಠಿಕೆ ಮತ್ತು ಭಾಗಗಳ ನಕ್ಷೆಯನ್ನು ಮತ್ತೆ ಮತ್ತೆ ಹಾಕಿ ನೋಡಿ. ಮುನ್ನೂರು ಜನರ ಉಪನ್ಯಾಸಕ್ಕಿಂತ, ಚಿಕ್ಕ ಗುಂಪಿನ ಅಭ್ಯಾಸ ತರಗತಿಗಳಲ್ಲಿ ಇದನ್ನು ಕೇಳಿ ಕಲಿಯುವುದು ಸುಲಭ.

ಪ್ರಶ್ನೆ: ಕೊನೆಯ ವರ್ಷದ ಸಂಪ್ರಬಂಧದಲ್ಲಿ ಕನ್ನಡ ಕೃತಿಯೊಂದನ್ನು ತೆಗೆದುಕೊಳ್ಳಬಹುದೇ? ಮಾರ್ಗದರ್ಶಕರಿಗೆ ಕನ್ನಡ ಬಾರದು. — ವಿದ್ಯಾರ್ಥಿ, ಲಂಡನ್

ಉತ್ತರ: ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲೇಬೇಕೆಂದು ನನ್ನ ಆಸೆ. ಫ್ರೆಂಚ್ ಮತ್ತು ಕನ್ನಡ ಎರಡನ್ನೂ ಮೂಲದಲ್ಲಿ ಓದಬಲ್ಲವರು ನಿಮ್ಮ ತರಗತಿಯಲ್ಲಿ ಇನ್ನೊಬ್ಬರಿರಲಾರರು. ಸಿದ್ಧವಾದ ವಸ್ತುವೂ ಇದೆ: ಎ. ಎನ್. ಮೂರ್ತಿರಾಯರ 'ಆಷಾಢಭೂತಿ' ನಾಟಕ ಫ್ರೆಂಚ್ ನಾಟಕಕಾರ ಮೋಲಿಯೇರ್‌ನ 'ತಾರ್ತ್ಯೂಫ್'ನ ರೂಪಾಂತರ. ಮೂಲದ ಮೊದಲ ರೂಪ 1664ರ ಮೇ ತಿಂಗಳಲ್ಲಿ ವರ್ಸೈಲ್ಸ್‌ನಲ್ಲಿ ಆಡಿದೊಡನೆ ಧರ್ಮನಿಷ್ಠರ ಸಿಟ್ಟಿಗೆ ಗುರಿಯಾಗಿ ನಿಷೇಧಕ್ಕೊಳಗಾಯಿತು, ಬಹಿರಂಗ ಪ್ರದರ್ಶನಕ್ಕೆ ಒಪ್ಪಿಗೆ ಸಿಕ್ಕಿದ್ದು 1669ರಲ್ಲಿ. ಭಕ್ತನ ಸೋಗಿನಲ್ಲಿ ಮನೆಯೊಂದನ್ನು ಹೊಕ್ಕ ಕಪಟಿ ಕೊನೆಯಲ್ಲಿ ಗೆದ್ದೇಬಿಟ್ಟ ಎನ್ನುವಾಗ ರಾಜನ ಅಧಿಕಾರಿ ಬಂದು ಅವನನ್ನೇ ಸೆರೆಹಿಡಿಯುತ್ತಾನೆ. ಪ್ರದರ್ಶನಕ್ಕೆ ಒಪ್ಪಿಗೆ ಕೊಟ್ಟ ದೊರೆ ಹದಿನಾಲ್ಕನೆಯ ಲೂಯಿಗೆ ಸಲ್ಲಿಸಿದ ಆ ಕೃತಜ್ಞತೆಯ ಜಾಗದಲ್ಲಿ ಮೈಸೂರು ಸಂಸ್ಥಾನದ ಕಾಲದ ಕನ್ನಡ ಪ್ರೇಕ್ಷಕರಿಗೆ ಏನನ್ನು ಕೊಡಲಾಗಿದೆ, ಮೂಲದ ಹನ್ನೆರಡು ಅಕ್ಷರಗಳ ಪ್ರಾಸಬದ್ಧ ಸಾಲುಗಳು ಎಂಥ ಮಾತುಗಾರಿಕೆಯಾಗಿ ಬಂದಿವೆ, ಕಪಟ ಭಕ್ತನ ವೇಷ ಯಾವುದು ಎಂಬ ಪ್ರಶ್ನೆಗಳನ್ನಿಟ್ಟುಕೊಂಡು ಎರಡೂ ಪಠ್ಯಗಳನ್ನು ಅಂಕ ಅಂಕವಾಗಿ ಓದಿ. ಕವಿತೆ ಇಷ್ಟವಾದರೆ ಲಂಕೇಶರು ಕನ್ನಡಕ್ಕೆ ತಂದ ಫ್ರೆಂಚ್ ಕವಿ ಬೋದಲೇರ್ ಇದ್ದಾರೆ. ಆದರೆ ಪದವಿ ಹಂತದ ಸಂಪ್ರಬಂಧದ ಮಿತಿಯಲ್ಲಿ ನಾಟಕವೇ ಹಿಡಿತಕ್ಕೆ ಸಿಗುವ ವಸ್ತು.

ಮಾರ್ಗದರ್ಶಕರಿಗೆ ಕನ್ನಡ ಬಾರದಿರುವುದು ಅಡ್ಡಿಯಾಗದು. ಉಲ್ಲೇಖಿಸುವ ಪ್ರತಿಯೊಂದು ಸಾಲನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟು, ಕೆಳಗೆ ನಿಮ್ಮದೇ ಇಂಗ್ಲಿಷ್ ಅನುವಾದ ಕೊಡಿ. ಇಂಥ ಸಂಪ್ರಬಂಧಕ್ಕೆ ಪರೀಕ್ಷಕರನ್ನು ಹೊಂದಿಸಲು ವಿಭಾಗಕ್ಕೆ ಸಮಯ ಬೇಕಾದ್ದರಿಂದ, ಮೂರನೆಯ ವರ್ಷದ ವಸಂತದಲ್ಲೇ ಪ್ರಸ್ತಾವ ಕಳಿಸಿ.

ಪ್ರಶ್ನೆ: ಬೆಂಗಳೂರಿನಲ್ಲಿ ಪಿಯುಸಿಯಲ್ಲಿ ಫ್ರೆಂಚ್ ಓದಿದ್ದೇನೆ. ಬ್ರಿಟನ್ನಿನ ಶುಲ್ಕ ನಮಗೆ ಭರಿಸಲಾಗದು. ಬೇರೆ ದಾರಿಯುಂಟೇ? — ವಿದ್ಯಾರ್ಥಿನಿ, ಜಯನಗರ

ಉತ್ತರ: ತೌಲನಿಕ ಸಾಹಿತ್ಯವೇ ಮುಖ್ಯವಾದರೆ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯವನ್ನು ಮೊದಲು ನೋಡಿ, ಬಂಗಾಳಿ ಕವಿ ಬುದ್ಧದೇವ ಬೋಸ್ 1956ರಲ್ಲಿ ಅಲ್ಲಿ ಈ ವಿಭಾಗ ಕಟ್ಟಿದರು. ಫ್ರೆಂಚ್ ಮುಖ್ಯವಾದರೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇವೆ. ನೇರವಾಗಿ ಫ್ರಾನ್ಸಿಗೆ ಹೋಗುವುದಾದರೆ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯೂರೋಪಿನ ಹೊರಗಿನವರಿಗೆ ಪದವಿಯ ವಾರ್ಷಿಕ ಶುಲ್ಕ 2,900 ಯೂರೋಗಳ ಆಸುಪಾಸಿನಲ್ಲಿದೆ, ಜೀವನವೆಚ್ಚ ಬೇರೆ. ಪಿಯುಸಿಯಲ್ಲಿ ಫ್ರೆಂಚಿಗೆ ಬರುವ ತೊಂಬತ್ತೈದು ಅಂಕ ಅಲ್ಲಿ ಲೆಕ್ಕಕ್ಕಿಲ್ಲ; ಸಾಹಿತ್ಯದ ಪದವಿಗೆ ಸಾಮಾನ್ಯವಾಗಿ ಬಿ-2 ಮಟ್ಟದ (ಯೂರೋಪಿನ ಆರು ಹಂತಗಳ ಭಾಷಾ ಮಾಪನದಲ್ಲಿ ನಾಲ್ಕನೆಯದು) ಪ್ರಮಾಣಪತ್ರ ಬೇಕು. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಮಟ್ಟ ಪರೀಕ್ಷಿಸಿಕೊಂಡು, ಅಲ್ಲಿಗೆ ತಲುಪಲು ಎಷ್ಟು ಸಮಯ ಬೇಕೆಂದು ಮೊದಲು ತಿಳಿಯಿರಿ.

ಪ್ರಶ್ನೆ: ಮಗಳದು ಭಾರತದ ಪಾಸ್‌ಪೋರ್ಟ್, ಬ್ರಿಟನ್ನಿನಲ್ಲಿ ಕಾಯಂ ವಾಸದ ಅನುಮತಿಯಿದೆ. ಫ್ರಾನ್ಸಿನ ವರ್ಷದಿಂದ ತೊಂದರೆಯಾಗುವುದೇ? — ಒಬ್ಬ ತಾಯಿ, ಮ್ಯಾಂಚೆಸ್ಟರ್

ಉತ್ತರ: ಇಡೀ ವರ್ಷ ಉಳಿಯುವ ವೀಸಾದ ಮಟ್ಟಿಗೆ ಆಕೆಯೂ ಬ್ರಿಟಿಷ್ ಸಹಪಾಠಿಗಳೂ ಈಗ ಒಂದೇ. 90 ದಿನ ಮೀರಿ ಉಳಿಯುವ ಇಬ್ಬರಿಗೂ ದೀರ್ಘಾವಧಿಯ ವೀಸಾ ಬೇಕು, ತಲುಪಿದ ಮೂರು ತಿಂಗಳೊಳಗೆ ಅದನ್ನು ಆನ್‌ಲೈನ್‌ನಲ್ಲಿ ಊರ್ಜಿತಗೊಳಿಸಬೇಕು. ಒಂದು ವರ್ಷದ ಗೈರುಹಾಜರಿಯಿಂದ ಕಾಯಂ ವಾಸದ ಅನುಮತಿ ಹೋಗುವುದಿಲ್ಲ. ಎಚ್ಚರ ಬೇಕಾದ್ದು ಪೌರತ್ವದ ವಿಷಯದಲ್ಲಿ: ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ 450 ದಿನ, ಕೊನೆಯ ಹನ್ನೆರಡು ತಿಂಗಳಲ್ಲಿ 90 ದಿನ ಮೀರಿ ದೇಶದ ಹೊರಗಿರಬಾರದೆಂಬುದು ಸಾಮಾನ್ಯ ನಿಯಮ. ಫ್ರಾನ್ಸಿನಿಂದ ಮರಳಿದ ಕೂಡಲೇ ಅರ್ಜಿ ಹಾಕಿದರೆ ಎರಡನೆಯ ಷರತ್ತನ್ನು ಪೂರೈಸಿದಂತಾಗುವುದಿಲ್ಲ. ಬೇಸಿಗೆಯಲ್ಲಿ ಭಾರತಕ್ಕೆ ಹೋಗಿಬಂದ ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿ, ಅರ್ಹತೆ ಈಗಲೇ ಇದ್ದರೆ ಹೊರಡುವ ಮೊದಲೇ ಅರ್ಜಿ ಸಲ್ಲಿಸುವುದು ಒಳ್ಳೆಯದು. ಆ ಲೆಕ್ಕವನ್ನು ನೋಂದಾಯಿತ ವಲಸೆ ಸಲಹೆಗಾರರಿಗೆ ಒಮ್ಮೆ ತೋರಿಸಿ.