ಇಂಗ್ಲೆಂಡಿನಲ್ಲಿ ಹಕ್ಕಿ ಫೋಟೋಗೆ ಒಂದೇ ದಿನ ಇದೆ, ಎಲ್ಲಿಗೆ ಹೋಗಲಿ?

ಮೇ ತಿಂಗಳಲ್ಲಿ ಲಂಡನ್ನಿಗೆ ಮಗಳ ಮನೆಗೆ ಬರುತ್ತಿದ್ದೀರಿ, ಹಕ್ಕಿಗಳಿಗೆ ಅಂತ ಸಿಗುವುದು ಒಂದೇ ದಿನ, ಎಲ್ಲಿಗೆ ಹೋಗಲಿ, 100-400 ಎಂಎಂ ಜೂಮ್ ಲೆನ್ಸ್ ಸಾಕಾ ಅಂತ ಕೇಳಿದ್ದೀರಿ. ಲೆನ್ಸ್ ಸಾಕು. ಮಿನ್ಸ್‌ಮಿಯರ್‌ಗೆ ಹೋಗಿ.

ಇದು ಸಫೋಕ್‌ನ ಸಮುದ್ರ ದಡದಲ್ಲಿರುವ ಪಕ್ಷಿಧಾಮ, ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯವರದು. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಇಪ್ಸ್‌ವಿಚ್‌ನಲ್ಲಿ ಬದಲಾಯಿಸಿ, ಡಾರ್ಷಮ್‌ನಲ್ಲಿ ಇಳಿಯಿರಿ. ಅಲ್ಲಿಂದ ಮುಂದಕ್ಕೆ ಟ್ಯಾಕ್ಸಿ, ಮೊದಲೇ ಹೇಳಿಟ್ಟಿರಿ.

ಈಗ ಮುಖ್ಯ ವಿಷಯ. ರಂಗನತಿಟ್ಟಿನಲ್ಲಿ ದೋಣಿಯೇ ನಮ್ಮನ್ನು ಹಕ್ಕಿಯ ಹತ್ತಿರ ಕರೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ನೀವು ಹೈಡ್‌ನಲ್ಲಿ ಕೂತಿರಬೇಕು, ಹಕ್ಕಿಯೇ ಹತ್ತಿರ ಬರಬೇಕು. ಹೈಡ್ ಅಂದರೆ ಮರದ ಗೂಡಂಗಡಿ ಥರದ್ದು, ಮುಂದೆ ಉದ್ದಕ್ಕೆ ಸಣ್ಣ ಕಿಂಡಿ, ಒಳಗೆ ಬೆಂಚು. ನಾನು ಮೊದಲ ಸಲ ಹೋದಾಗ ಎಲ್ಲವನ್ನೂ ನೋಡಿಬಿಡಬೇಕು ಅಂತ ಒಂದು ಹೈಡ್‌ನಿಂದ ಇನ್ನೊಂದಕ್ಕೆ ಓಡಾಡಿದೆ. ದಿನವೆಲ್ಲ ನಡೆದದ್ದೇ ಆಯಿತು, ಇಟ್ಟುಕೊಳ್ಳುವಂಥ ಒಂದು ಚಿತ್ರವೂ ಬರಲಿಲ್ಲ. ಎರಡನೇ ಸಲ ಬೆಳಗ್ಗೆಯೆಲ್ಲ ಒಂದೇ ಕಡೆ ಕೂತೆ. ಮೊದಲ ಒಂದು ಗಂಟೆ ಏನೂ ಇಲ್ಲ. ಆಮೇಲೆ ಒಂದು ಆವೊಸೆಟ್, ಕಪ್ಪು-ಬಿಳಿ ಬಣ್ಣದ ಉದ್ದ ಕಾಲಿನ ನೀರುಹಕ್ಕಿ, ತಾನಾಗಿಯೇ ಕಿಂಡಿಯ ಕಡೆಗೆ ನಡೆದುಕೊಂಡು ಬಂತು, ಮೇಲಕ್ಕೆ ಬಾಗಿದ ಸೂಜಿಯಂಥ ಕೊಕ್ಕನ್ನು ನೀರಿನಲ್ಲಿ ಆಚೆಗೂ ಈಚೆಗೂ ಬೀಸುತ್ತಾ, ನನ್ನ ಕಡೆ ನೋಡದೆ, ಎಷ್ಟು ಹತ್ತಿರ ಅಂದರೆ 400ಕ್ಕೆ ಇಟ್ಟಿದ್ದ ಲೆನ್ಸನ್ನು ಹಿಂದಕ್ಕೆ ತರಬೇಕಾಯಿತು.

ಈ ಹಕ್ಕಿಯ ಕಥೆ ಗೊತ್ತಿದ್ದರೆ ಚಿತ್ರ ತೆಗೆಯುವಾಗ ಕೈ ಇನ್ನೂ ನಿಧಾನವಾಗುತ್ತದೆ. ಸುಮಾರು ನೂರು ವರ್ಷ ಇದು ಇಂಗ್ಲೆಂಡಿನಲ್ಲಿ ಮರಿ ಮಾಡುವುದನ್ನೇ ನಿಲ್ಲಿಸಿತ್ತು. ಎರಡನೇ ಮಹಾಯುದ್ಧದಲ್ಲಿ ಶತ್ರುಗಳು ಇಳಿಯಬಾರದು ಅಂತ ಈ ದಡದ ಹುಲ್ಲುಗಾವಲುಗಳಿಗೆ ನೀರು ನುಗ್ಗಿಸಿದರು. ಆ ಜೌಗಿಗೇ 1947ರಲ್ಲಿ ಆವೊಸೆಟ್‌ಗಳು ವಾಪಸ್ ಬಂದವು. ಆರ್‌ಎಸ್‌ಪಿಬಿಯ ಲಾಂಛನದಲ್ಲಿರುವುದೂ ಇದೇ ಹಕ್ಕಿ.

ಒಂದು ಎಚ್ಚರಿಕೆ: ಆವೊಸೆಟ್‌ನ ಮೈ ಬಹುಪಾಲು ಅಚ್ಚ ಬಿಳಿ, ಸ್ವಲ್ಪ ಬಿಸಿಲಿದ್ದರೂ ಗರಿಗಳೆಲ್ಲ ಸುಣ್ಣ ಬಳಿದ ಹಾಗೆ ಬರುತ್ತವೆ. ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪಿನಷ್ಟು ಇಳಿಸಿಡಿ. ಹಾರುವಾಗ ಬೇಕಿದ್ದರೆ ಶಟರ್ 1/2000 ಸೆಕೆಂಡು.

ಮಧ್ಯಾಹ್ನ ಜೊಂಡಿನ ಕಡೆಯ ಹೈಡ್‌ಗೆ ಹೋಗಿ, ಅಲ್ಲೂ ಕೂತುಬಿಡಿ. ಅಲ್ಲಿ ಮಾರ್ಷ್ ಹ್ಯಾರಿಯರ್ ಅನ್ನುವ ಬೇಟೆಹಕ್ಕಿ ಇದೆ, ಚಳಿಗಾಲದಲ್ಲಿ ನಮ್ಮ ಕೆರೆಗಳ ಮೇಲೆ ತೇಲುತ್ತದಲ್ವಾ, ಅದೇ ಜಾತಿ. ಮೇನಲ್ಲಿ ಗಂಡು ಬೇಟೆ ತಂದು ಗಾಳಿಯಲ್ಲೇ ಕೈಬಿಡುತ್ತದೆ, ಹೆಣ್ಣು ಕೆಳಗಿನಿಂದ ಎದ್ದು, ಮಗುಚಿಕೊಂಡು, ಕಾಲಿನಲ್ಲಿ ಹಿಡಿಯುತ್ತದೆ. ಎಲ್ಲ ಒಂದೆರಡು ಕ್ಷಣದ ಮಾತು. ಹೆಣ್ಣು ಜೊಂಡಿನಿಂದ ಏಳುವುದೇ ಸೂಚನೆ, ಆಗಲೇ ಬಟನ್ ಒತ್ತಲು ಶುರು ಮಾಡಿ. 1971ರಲ್ಲಿ ಇಡೀ ಬ್ರಿಟನ್ನಿನಲ್ಲಿ ಗೂಡು ಕಟ್ಟಿದ್ದು ಇದರ ಒಂದೇ ಜೋಡಿ, ಅದೂ ಇಲ್ಲೇ. ಡಿಡಿಟಿಯಂಥ ಕೀಟನಾಶಕಗಳು ಆ ಸ್ಥಿತಿಗೆ ತಂದಿದ್ದವು.

ಅದಕ್ಕೇ ಹೇಳುತ್ತೇನೆ, ದಾರಿ ಬಿಟ್ಟು ಗೂಡಿನ ಹತ್ತಿರ ಹೋಗಲೇಬೇಡಿ. ಆವೊಸೆಟ್, ಮಾರ್ಷ್ ಹ್ಯಾರಿಯರ್, ಮಿಂಚುಳ್ಳಿ ಇವಕ್ಕೆಲ್ಲ ಗೂಡಿನಲ್ಲಿ ತೊಂದರೆ ಕೊಡುವುದು ಬ್ರಿಟನ್ನಿನ 1981ರ ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ. ಕಾನೂನು ಇಲ್ಲದಿದ್ದರೂ, ಒಂದು ಚಿತ್ರಕ್ಕಾಗಿ ತಾಯಿಹಕ್ಕಿಯನ್ನು ಮೊಟ್ಟೆ ಬಿಟ್ಟು ಏಳಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಸ್ವೆಟರ್ ಇಟ್ಟುಕೊಳ್ಳಿ, ಕಿಂಡಿಯಿಂದ ಸಮುದ್ರದ ಗಾಳಿ ನೇರ ಮುಖಕ್ಕೇ ಹೊಡೆಯುತ್ತದೆ. ವಾಪಸಿನ ಟ್ಯಾಕ್ಸಿಯನ್ನು ಸಂಜೆ ಆದಷ್ಟು ತಡವಾಗಿ ಹೇಳಿ, ಕೊನೆಯ ರೈಲಿನ ಸಮಯ ಮಾತ್ರ ನೋಡಿಕೊಳ್ಳಿ. ಮೇನಲ್ಲಿ ಅಲ್ಲಿ ಎಂಟೂವರೆ ತನಕ ಬೆಳಕಿರುತ್ತದೆ, ಆರರ ನಂತರದ ಹೊಂಬಿಸಿಲು ಜೊಂಡಿನ ಮೇಲೆ ಬೀಳುವಾಗ ನೀವು ಅಲ್ಲಿ ಇರಬೇಕು.